ಮೊದಲು ಚಪ್ಪಲಿ ನೋಡು

ಹೆಬ್ಬಗೋಡಿ
೧೦ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಅಣ್ಣಾ (ಅಭ್ಯಾಸಬಲದಿಂದ ಬರೆದೆ),

ಮಹಾಂತಮ್ಮನನ್ನು ನಿನ್ನ ಓಟದ ತಂಡದಿಂದ ಹೊರಹಾಕಿದ್ದು ಅನ್ಯಾಯ. ಹೀಗೆ ಶುರು ಮಾಡಿದರೆ ಅಮ್ಮ ಬಯ್ಯುತ್ತಾಳೆ, ಅದಕ್ಕೆ ಕೇಳುತ್ತೇನೆ: ಆರೋಗ್ಯವಾಗಿದ್ದೀಯಾ? ಬೆಳ್ಳಂದೂರಿನ ನಿನ್ನ ಹನ್ನೊಂದನೇ ಮಹಡಿಗೂ ಕೆರೆಯ ವಾಸನೆ ಏರುತ್ತದೆಯೇ? ಅಮ್ಮನ ಮಂಡಿನೋವು ಹಾಗೇ ಇದೆ. ಫೋನಿನಲ್ಲಿ ಬರೆದರೆ ನೀನು ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸುತ್ತೀಯ, ಆದ್ದರಿಂದ ಈ ಕಾಗದ.

ನಮ್ಮ ಮೇಲಿನ ಬಾಡಿಗೆ ಕೋಣೆಯಲ್ಲಿರುವ ಮಹಾಂತಮ್ಮನನ್ನು ತಂಡಕ್ಕೆ ನೀನೇ ಕರೆದುಕೊಂಡೆ. ಅವಳ ಫೋಟೋ ಪೋಸ್ಟರಿಗೆ ಹಾಕಿ, ಕೆಳಗೆ ‘ಒಬ್ಬೊಬ್ಬರಿಗೂ ಅವರದೇ ತರಬೇತಿ’ ಎಂದು ಅಚ್ಚು ಮಾಡಿಸಿದೆ. ಕೈಗೊಂದು ವಾಚು ಕಟ್ಟಿ, ಟೆಕ್ ಪಾರ್ಕಿನ ಮ್ಯಾನೇಜರುಗಳಿಗೆ ಕೊಟ್ಟ ಪಟ್ಟಿಯನ್ನೇ ಅವಳಿಗೂ ಕಳಿಸಿದೆ. ಅದರಲ್ಲಿ ಸೋಮವಾರ ವಿಶ್ರಾಂತಿ. ಕುರ್ಚಿಯಲ್ಲಿ ಕೂರುವವರಿಗೆ ವಿಶ್ರಾಂತಿ, ಸರಿ. ಇವಳು ಆ ದಿನವೂ ಫ್ಯಾಕ್ಟರಿಯಲ್ಲಿ ಎಂಟು ಗಂಟೆ ನಿಂತು ಡಬ್ಬ ಪ್ಯಾಕ್ ಮಾಡುತ್ತಾಳೆ. ಎಡಪಾದದ ಮುಂಭಾಗ ಊದಿಕೊಂಡು ಓಟ ನಿಧಾನವಾಯಿತು. ವಾಚು ಚಾಡಿ ಹೇಳಿತು. ನೀನು ‘ಶಿಸ್ತಿಲ್ಲದವರಿಗೆ ಇಲ್ಲಿ ಜಾಗವಿಲ್ಲ’ ಎಂದು ಒಂದು ಸಾಲು ಕಳಿಸಿದೆ. ಅದನ್ನು ನನಗೆ ತೋರಿಸಿ ಅವಳು ಕೇಳಿದ್ದು ಇಷ್ಟೇ: “ನಿಂತದ್ದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲೇನ್ರಿ ಅಕ್ಕಾ?”

ಹಿಡಿಯಬೇಕು ಎಂದು ಕಾರ್ಮಿಕ ಸಂಘದ ಕಿರುಹೊತ್ತಿಗೆಯಲ್ಲಿ ಓದಿದ್ದೇನೆ. “ಬಂದ್ಲಪ್ಪಾ ಕರಪತ್ರದ ಪಂಡಿತೆ” ಅಂತ ನೀನು ನಗುತ್ತೀಯ. ನಗು. ಆದರೆ ಇದನ್ನು ನನಗೆ ಮೊದಲು ಕಲಿಸಿದ್ದು ಕರಪತ್ರವಲ್ಲ, ನೀನು. ಇಲ್ಲಿನ ಕೆರೆ ಏರಿಯ ಮೇಲೆ ನಾನು ಮೊದಲ ಸಲ ಓಡಲು ನಿಂತಾಗ ನೀನು, “ಓಟ ಆಮೇಲೆ, ಮೊದ್ಲು ಚಪ್ಪಲಿ ತೋರ್ಸೇ” ಅಂದೆ. ಮಗುಚಿ, ಎಡಗಾಲಿನದು ಹೆಚ್ಚು ಸವೆದದ್ದು ನೋಡಿ, “ನೀರಿನ ಕ್ಯಾನು ಯಾವಾಗ್ಲೂ ಎಡಸೊಂಟಕ್ಕೇ ಇಟ್ಕೊಂಡು ಮೆಟ್ಲು ಹತ್ತೀಯ ಅಲ್ವೇನೆ?” ಅಂದೆ. ಹೌದಾಗಿತ್ತು. ಈಗ ನಿನ್ನ ತಂಡದಲ್ಲಿ ಇನ್ನೂರು ಜನ. ಎಷ್ಟು ಜನರ ಚಪ್ಪಲಿ ಮಗುಚಿದ್ದೀಯ? ನಾಡಿಬಡಿತ ಗೊತ್ತು, ನಿದ್ದೆಯ ನಿಮಿಷ ಗೊತ್ತು, ದಿನವಿಡೀ ಏನು ಮಾಡುತ್ತಾರೆ ಗೊತ್ತಿಲ್ಲ. ಇದಕ್ಕೆ ತರಬೇತಿ ಅನ್ನುವುದಿಲ್ಲ, ಹಾಜರಿ ಅನ್ನುತ್ತಾರೆ. ಅದಕ್ಕೆ ಒಂದು ಯಂತ್ರ ಸಾಕು, ಪೋಸ್ಟರಿನಲ್ಲಿ ಕೈಕಟ್ಟಿ ನಿಂತ ನಿನ್ನ ಫೋಟೋ ಬೇಕಿಲ್ಲ.

ಜನವರಿಯ ನಲವತ್ತೆರಡು ಕಿಲೋಮೀಟರ್ ಓಟವನ್ನು ಅವಳು ಬಿಡುವುದಿಲ್ಲವಂತೆ. ಇನ್ನು ನಾನೇ ಓಡಿಸುತ್ತೇನೆ. ನಿಂತ ದಿನ ಓಟ ಕಡಿಮೆ, ವಾರದ ರಜೆಗೆ ಉದ್ದ ಓಟ. ನಿನ್ನ ವಾಚನ್ನು ಅಮ್ಮನ ಬೀರುವಿನಲ್ಲಿ ಇಟ್ಟಿದ್ದೇನೆ, ಅಲ್ಲಿ ಅದು ಚೆನ್ನಾಗಿ ವಿಶ್ರಾಂತಿ ಪಡೆಯುತ್ತಿದೆ.

ಅಮ್ಮನ ಆಶೀರ್ವಾದ ಎಂದಿನಂತೆ ಇದೆ. ನನ್ನ ನಮಸ್ಕಾರ ಸದ್ಯಕ್ಕೆ ಇಲ್ಲ.

ನಿನ್ನ ತಂಗಿ,
ಕೃಪಾ

ಮತ್ತೆ: ಅವಳ ಚಪ್ಪಲಿ ನನ್ನ ಮೇಜಿನ ಮೇಲಿದೆ. ಎಡಗಾಲಿನದು ಹೆಬ್ಬೆರಳ ಬುಡದಲ್ಲಿ ತೂತು ಬೀಳುವಷ್ಟು ಸವೆದಿದೆ, ಹಿಮ್ಮಡಿ ಮಾತ್ರ ಹೊಸದರ ಹಾಗಿದೆ. ಮೂರು ದಿನದಿಂದ ಮಗುಚಿ ಮಗುಚಿ ನೋಡುತ್ತಿದ್ದೇನೆ, ಯಾಕೆಂದು ತಿಳಿಯುತ್ತಿಲ್ಲ. ತಿಳಿಯದೆ ಓಡಿಸಿ ಅವಳ ಕಾಲು ಕೆಡಿಸಿದರೆ ನಾನೂ ನೀನೇ. ಭಾನುವಾರ ಅವಳಿಗೆ ರಜೆ. ಹದಿನಾರನೇ ತಾರೀಕು, ಬೆಳಿಗ್ಗೆ ಐದೂ ಮುಕ್ಕಾಲಿಗೆ, ಹೆಬ್ಬಗೋಡಿ ಬಸ್ ಸ್ಟಾಪಿನಲ್ಲಿ ಇಬ್ಬರೂ ಇರುತ್ತೇವೆ. ಚಪ್ಪಲಿ ತರುತ್ತೇನೆ.