ಮೇಲ್ಗಾಳಿ ಸರಿಯುವವರೆಗೆ

ಏಪ್ರಿಲ್ ೩, ಬೆಳಿಗ್ಗೆ

ಇವರಿಗೆ ಮಾತ್ರೆ ಆಯಿತು. ಉಸಿರು ನಿನ್ನೆಗಿಂತ ಭಾರ. ನಿನ್ನೆಯೂ ಮಧ್ಯಾಹ್ನ ಗುಡುಗು, ಆಲಿಕಲ್ಲು. ಬಾಲ್ಕನಿಯ ಗಾಜು ಒಡೆದಿದೆ, ರಟ್ಟು ಕಟ್ಟಿದ್ದೇನೆ.

ಹವಾಮಾನ ಕಚೇರಿಯ ಬಲೂನು ಏರುವುದು ಕಿಟಕಿಯಿಂದ ಕಾಣುತ್ತದೆ, ಎದುರು ಮನೆಯ ಸೂರಿನವರೆಗೆ ಮಾತ್ರ. ಮುಂದಿನದು ಕಾಣಲು ತಾರಸಿ ಹತ್ತಬೇಕು. ಇವರು ಸರ್ವೀಸು ಪೂರ್ತಿ ಆ ಬಲೂನು ಬಿಟ್ಟವರು. ಬಿಟ್ಟ ಕೂಡಲೇ ಒಳಗೆ ಓಡಿ, ಅದರ ಸಂಕೇತ ಹಿಡಿಯುವ ಯಂತ್ರದ ಮುಂದೆ ಕೂರಬೇಕಿತ್ತಂತೆ.

"ಒಂದೇ ಒಂದು ಸಲ ಅದು ಚುಕ್ಕೆ ಆಗೋವರೆಗೂ ನೋಡ್ಬೇಕು ಕಣೇ. ನಾನು ಬರೀ ದಾರ ಬಿಟ್ಟಿದ್ದೇ ಆಯ್ತು."

ಮಳೆ ನಿಲ್ಲಲಿ ಎಂದೆ. ಶೀತ ತಗುಲಿದರೆ ಶ್ವಾಸಕೋಶ ತಡೆಯದು — ವೈದ್ಯರ ಮಾತು.

ಏಪ್ರಿಲ್ ೬, ಭಾನುವಾರ

ಇವರ ಕೈಕೆಳಗೆ ಪಳಗಿ ಈಗ ಬಲೂನು ಬಿಡುತ್ತಿರುವವನು ನೋಡಲು ಬಂದಿದ್ದ. ದಿನವೂ ಏಕೆ ಹೀಗೆ ಮಳೆ ಎಂದು ಕೇಳಿದೆ.

"ಮೇಲ್ಗಾಳಿ ಬಾಗಿ ನಿಂತುಬಿಟ್ಟಿದೆ ಅಕ್ಕ, ವಿಮಾನ ಹಾರೋ ಎತ್ತರದಲ್ಲಿ. ಪೂರ್ವಕ್ಕೆ ದಾರಿ ಕಟ್ಟಿದೆ, ಮುಂದೆ ಸರಿಯೋಕೆ ಆಗ್ತಿಲ್ಲ. ಮೇಲೆ ತಣ್ಣಗೆ, ಕೆಳಗೆ ಬಿಸಿ. ಹೊತ್ತೇರಿದ್ರೆ ಮೋಡ ಉಕ್ಕದೇ ಇರುತ್ತಾ?"

"ಪಾಠ ಚೆನ್ನಾಗಿ ಒಪ್ಪಿಸ್ತೀಯ. ಸರಿಯೋದು ಯಾವಾಗ, ಅದು ಹೇಳು."

"ಗುರುವಾರ ಅನ್ಸುತ್ತೆ."

ಇವರು ಹಾಸಿಗೆಯಿಂದಲೇ, "ಅನ್ಸುತ್ತೆ ಅಂದ್ರೆ ಇವಳು ಮಾರ್ಕ್ಸ್ ಕೊಡಲ್ಲ ಕಣಯ್ಯ."

ನಕ್ಕೆವು. ಇವರ ನಗು ಕೆಮ್ಮಾಯಿತು.

ಏಪ್ರಿಲ್ ೮, ಮಂಗಳವಾರ

ಎದ್ದರೆ ಬಿಸಿಲು. ಚೂರು ಮೋಡವಿಲ್ಲ. ಇವರು ಆಗಲೇ ಶಾಲು ಹೊದ್ದು, ಕಾಲು ಇಳಿಬಿಟ್ಟು ಕುಳಿತಿದ್ದರು.

"ಪಕ್ಕದ ಮನೆಯವರನ್ನ ಕರಿ. ಕುರ್ಚಿ ಸಮೇತ ಎತ್ತಲಿ. ಇವತ್ತೇ ನೋಡಿಬಿಡೋಣ."

ಇದು ಅರೆಗಳಿಗೆಯ ಬಿಸಿಲು, ಮೇಲ್ಗಾಳಿ ಇನ್ನೂ ಸರಿದಿಲ್ಲ ಎಂದೆ. "ಇನ್ನೆರಡು ದಿನ. ಗುರುವಾರ ಪೂರ್ತಿ ತಿಳಿಯಾಗುತ್ತೆ."

"ಈಗ ಮಳೆ ಬರ್ತಿದೆಯಾ, ಟೀಚರಮ್ಮ?"

"ಮಧ್ಯಾಹ್ನ ಬರುತ್ತೆ."

"ಮಧ್ಯಾಹ್ನದವರೆಗೂ ಅಲ್ಲೇನು ಸಂಸಾರ ಹೂಡ್ತೀವಾ?"

ಜಗ್ಗಲಿಲ್ಲ ನಾನು. ಶಾಲು ತೆಗೆದು ಮಡಿಸಿಟ್ಟೆ. ಕಿಟಕಿಯಲ್ಲಿ ಬಲೂನು ಬಂತು, ಸೂರು ದಾಟಿತು. ಇವರು ಗೋಡೆಯತ್ತ ತಿರುಗಿ ಮಲಗಿದರು.

ಮಳೆ ಬಂದದ್ದು ಮಧ್ಯಾಹ್ನವೇ. ನನ್ನ ಲೆಕ್ಕ ತಪ್ಪಲಿಲ್ಲ.

ಏಪ್ರಿಲ್ ೧೦, ಗುರುವಾರ, ಆಸ್ಪತ್ರೆ

ನಿನ್ನೆ ಬೆಳಗಿನ ಜಾವ ಉಸಿರು ಕಟ್ಟಿತು, ಇಲ್ಲಿಗೆ ತಂದೆವು. ಮಗಳು ಬಂದಿದ್ದಾಳೆ. ಮೇಲ್ಗಾಳಿ ಸರಿದಿದೆ. ದಾದಿಯರ ಬಾಯಲ್ಲೂ ತಿಳಿಯಾದ ಆಕಾಶದ್ದೇ ಮಾತು. ಈ ಕೋಣೆಯ ಕಿಟಕಿಗೆ ಎದುರಿರುವುದು ಗೋಡೆ.

ಕಣ್ಣು ತೆರೆದರು. "ಬಲೂನು ಬಿಟ್ರಾ?"

"ಬಿಟ್ರು."

"ನೋಡಿದ್ಯಾ?"

ಬೆಳಗಿನಿಂದ ಇವರ ಕೈ ಬಿಟ್ಟು ಎದ್ದೇ ಇರಲಿಲ್ಲ ನಾನು.

"ನೋಡ್ದೆ. ಚುಕ್ಕೆ ಆಗೋವರೆಗೂ."

"ಎಷ್ಟು ಹೊತ್ತು ಕಾಣ್ತು?"

"ತುಂಬಾ ಹೊತ್ತು." ಇಂಥ ಉತ್ತರಕ್ಕೆ ನಾನು ಸೊನ್ನೆ ಹಾಕುತ್ತಿದ್ದೆ.

ಇವರು ತಲೆಯಾಡಿಸಿದರು. "ನೀನ್ ಹೇಳಿದ್ದೇ ಸರಿ ಕಣೇ. ಗುರುವಾರವೇ ಆಯ್ತು."

ಏಪ್ರಿಲ್ ೧೩

ನಿನ್ನೆ ಸಂಜೆ ಇವರು ಹೋದರು. ಕನ್ನಡಕ, ವಾಚು ಆಸ್ಪತ್ರೆಯವರು ಒಂದು ಚೀಲದಲ್ಲಿ ಹಾಕಿ ಕೊಟ್ಟಿದ್ದಾರೆ. ಹೊರಬಾಗಿಲಲ್ಲಿ ಕಣ್ಣು ಕುಕ್ಕುವ ಬೆಳಕು.

"ಮೇಲೆ ನೋಡ್ಬೇಡಮ್ಮ, ನಡಿ," ಎಂದಳು ಮಗಳು.

ಮಂಗಳವಾರ ಬೆಳಿಗ್ಗೆ ನಾನು ಆ ಶಾಲು ಮಡಿಸಿಡದೆ —