ಅಪ್ಪನ ಮಂಚಕ್ಕೆ ಹೊಂದದ ಮೇಜು

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ ಅಂದಿದ್ದೆ. ಡಾಕ್ಟರಿಗೆ ತೋರಿಸಿದೆಯೋ ಅಥವಾ ನಾಳೆ ನಾಳೆ ಅಂತ ತಳ್ಳುತ್ತಲೇ ಇದ್ದೀಯೋ? ಭಾವನ ಕೆಮ್ಮು ನಿಂತಿತೆ? ಮಕ್ಕಳ ಪರೀಕ್ಷೆ ಮುಗಿದಿರಬೇಕು. ಇಲ್ಲಿ ಇವಳು ಚೆನ್ನಾಗಿದ್ದಾಳೆ. ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ನಿಂತು ನಿಂತು, ಸಂಜೆ ಬಂದವಳೇ ಕಾಲು ಮೇಲೆತ್ತಿ ಕೂರುತ್ತಾಳೆ, ಅಷ್ಟೇ. ಅಪ್ಪನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯಂತೆ. ಗೋಡೆ ಹಿಡಿದು ನಿಲ್ಲುತ್ತಾನೆ, ಆದರೆ ಒಬ್ಬನೇ ನಡೆಯುವ ಹಾಗಿಲ್ಲ. ಇನ್ನು ನಾನು ಹೇಗಿದ್ದೇನೆ ಅನ್ನುವುದನ್ನು ಹೇಳಲಿಕ್ಕೇ ಈ ಕಾಗದ. ಫೋನು ಮಾಡೋಣವೆಂದರೆ ಈ ಪುಟ್ಟ ಮನೆಯಲ್ಲಿ ಅಪ್ಪನಿಗೆ ಕೇಳಿಸದ ಮೂಲೆಯೇ ಇಲ್ಲ. ಅದೂ ಅಲ್ಲದೆ, ನೀನು ಆ ಕಡೆಯಿಂದ ಹೂಂ ಹೂಂ ಅನ್ನುತ್ತಿದ್ದರೆ ಇದು ನನ್ನ ಬಾಯಿಂದ ಹೊರಡುವುದಿಲ್ಲ.

ಹೋದ ಭಾನುವಾರ ಅಪ್ಪ ಫೋನಿನಲ್ಲಿ ನಿನಗೆ ಚಕ್ರದ ಮೇಜಿನ ಸುದ್ದಿ ಹೇಳಿದನಲ್ಲ. ಆಮೇಲೆ ನೀನು ನನಗೊಂದು ಸಂದೇಶ ಕಳಿಸಿದೆ, ‘ಅಪ್ಪನಿಗೋಸ್ಕರ ಇಷ್ಟೆಲ್ಲ ಯೋಚನೆ ಮಾಡ್ತೀಯ ಅಂತ ಗೊತ್ತಿರಲಿಲ್ಲ ಕಣೋ’ ಅಂತ. ಅದನ್ನು ಓದಿ ಫೋನನ್ನು ಮಗುಚಿ ಇಟ್ಟುಬಿಟ್ಟೆ. ಆ ಮೇಜನ್ನು ನಾನು ಅಪ್ಪನಿಗೋಸ್ಕರ ತರಲಿಲ್ಲ, ಅಕ್ಕಾ. ಅವನಿಂದ ತಪ್ಪಿಸಿಕೊಳ್ಳಲಿಕ್ಕೆ ತಂದೆ.

ನಿನಗೆ ಅಪ್ಪನ ಮಾತು ಗೊತ್ತು. ಕುರ್ಚಿಯಲ್ಲಿ ಕೂತವನ ಜೊತೆ ಹರಟದಿದ್ದರೆ ಅವನ ಕತ್ತರಿಯೇ ಓಡುತ್ತಿರಲಿಲ್ಲ. ಅರ್ಧ ಊರು ಕ್ಷೌರಕ್ಕಿಂತ ಹೆಚ್ಚಾಗಿ ಅವನ ಮಾತಿಗೇ ಅಂಗಡಿಗೆ ಬರುತ್ತಿತ್ತು. ಆಗ ದಿನಕ್ಕೆ ಎಷ್ಟೋ ತಲೆಗೆ ಹಂಚಿಹೋಗುತ್ತಿದ್ದ ಮಾತು ಈಗ ನನ್ನ ಒಂದು ತಲೆಯ ಮೇಲೆ ಸುರಿಯುತ್ತಿದೆ. ಅಮ್ಮ ಇದ್ದಾಗ ಅವಳಾದರೂ ಹೂಂಗುಟ್ಟುತ್ತಿದ್ದಳು. ನಾನೋ ಮೊದಲಿಂದಲೂ ಬಾಯಿ ಬಿಡದ ಗುಮ್ಮನಗುಸ್ಕ, ನೀನೇ ಇಟ್ಟ ಹೆಸರು. ಸ್ನಾನದ ಮನೆ ಹತ್ತಿರವಿರಲಿ ಅಂತ ಅವನ ಮಂಚವನ್ನು ನಡುಮನೆಯಲ್ಲಿ ಹಾಕಿದ್ದೇವೆ. ನಾನು ಅದೇ ನಡುಮನೆಯ ಇನ್ನೊಂದು ತುದಿಯಲ್ಲಿ, ಊಟದ ಮೇಜಿನ ಮೇಲೆ, ಅವನಿಗೆ ಬೆನ್ನು ಮಾಡಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದೆ. ಔಷಧಿ ಅಂಗಡಿಗಳ ಆರ್ಡರು ಸರಿಯಾಗಿ ಹೋಯಿತೋ ಇಲ್ಲವೋ ನೋಡುವ ಕೆಲಸ. ಒಂದು ಡಬ್ಬಿ ಆಚೀಚೆಯಾದರೂ ಬೈಗುಳ ನನಗೇ. ಅಪ್ಪ ಅಲ್ಲಿಂದ ಒಂದಾದ ಮೇಲೊಂದು ಕೇಳುತ್ತಿದ್ದ. ಮಳೆ ಬರುತ್ತಾ, ಆ ಗಲ್ಲಿಯ ಚಪ್ಪಲಿ ಅಂಗಡಿಯವನು ಇನ್ನೂ ಇದ್ದಾನಾ, ನೀನು ಯಾಕೆ ಮಾತಾಡ್ತಾ ಇಲ್ಲ. ನಾನು ಕೇಳಿಸದ ಹಾಗೆ ಕೂತಿರುತ್ತಿದ್ದೆ.

ಒಂದು ದಿನ ಆಫೀಸಿನವರೆಲ್ಲ ಪರದೆಯ ಮೇಲೆ ಸೇರಿದ್ದೆವು. ಹೆಡ್‌ಫೋನಿನ ಚಾರ್ಜು ಮುಗಿದು ಲ್ಯಾಪ್‌ಟಾಪಿನ ಮೈಕು ಆನ್ ಆಗಿತ್ತು, ನನಗೆ ಗೊತ್ತಿರಲಿಲ್ಲ. ನಮ್ಮ ಮ್ಯಾನೇಜರು ಗಂಭೀರವಾಗಿ ಏನೋ ಹೇಳುತ್ತಿದ್ದರು. ಅಪ್ಪ ಮಂಚದ ಮೇಲಿಂದಲೇ ಕುತ್ತಿಗೆ ಉದ್ದ ಮಾಡಿ ನೋಡಿ, ‘ಯಾರೋ ಆ ಹುಡುಗನ ಕ್ರಾಪು ಹಾಳುಮಾಡಿದಾರೆ, ಒಂದು ಕಿವಿ ಹತ್ತಿರ ಮೇಲೆ, ಇನ್ನೊಂದು ಕಿವಿ ಹತ್ತಿರ ಕೆಳಗೆ’ ಅಂದ. ಎಲ್ಲರೂ ನಕ್ಕರು, ಮ್ಯಾನೇಜರೂ ನಕ್ಕರು. ಆಮೇಲೆ ನಾನು ಎದ್ದು ಹೋಗಿ ಅಪ್ಪನಿಗೆ, ‘ನಾನು ಕೆಲಸ ಮಾಡುವಾಗ ಇನ್ನುಮೇಲೆ ಕರೀಬೇಡ, ಮಾತಾಡಬೇಡ, ಅರ್ಥ ಆಯ್ತಾ’ ಅಂದೆ. ಮಕ್ಕಳನ್ನು ಗದರಿಸುವ ದನಿಯಲ್ಲಿ. ಅವನು ಆಯ್ತಪ್ಪ ಅಂದು ಹೊದಿಕೆ ಸರಿಮಾಡಿಕೊಂಡ.

ಆವತ್ತೇ ಮೇಜು ಹುಡುಕಲು ಶುರುಮಾಡಿದೆ. ದೊಡ್ಡ ಮೇಜು ನಮ್ಮ ಮಲಗುವ ಕೋಣೆಗೆ ಹಿಡಿಸುವುದಿಲ್ಲ. ತೊಡೆಯ ಮೇಲೆ ಇಟ್ಟುಕೊಳ್ಳುವ ಮಡಚು ಮಣೆಯಲ್ಲಿ ಬೆನ್ನು ಬಾಗಿ ಬಿಲ್ಲಾಗುತ್ತದೆ. ಕೊನೆಗೆ ಚಕ್ರದ್ದು, ಎತ್ತರ ಏರಿಸಿ ಇಳಿಸಬಹುದಾದದ್ದು ಸರಿ ಅನ್ನಿಸಿತು. ಬೆಳಿಗ್ಗೆ ಕೋಣೆಯಲ್ಲಿ, ಬಿಸಿಲು ಬಂದರೆ ಅಡುಗೆಮನೆಯಲ್ಲಿ, ಸಂಜೆ ಬಾಲ್ಕನಿಯಲ್ಲಿ. ಅಪ್ಪನ ದನಿ ಎಲ್ಲಿ ಕಡಿಮೆಯೋ ಅಲ್ಲಿಗೆ ಎಳೆದುಕೊಂಡು ಹೋಗಬಹುದು. ನಾಚಿಕೆಗೇಡು ಅಂದರೆ ಇದು, ಅಕ್ಕಾ: ಟೇಪು ಹಿಡಿದು ಕೋಣೆಯ ಬಾಗಿಲು ಅಳೆದೆ, ಬಾಲ್ಕನಿಯ ಬಾಗಿಲು ಅಳೆದೆ, ಅಡುಗೆಮನೆಯ ಹೊಸ್ತಿಲು ಎಷ್ಟು ಎತ್ತರ, ಚಕ್ರ ಹತ್ತುತ್ತದೋ ಇಲ್ಲವೋ ನೋಡಿದೆ, ನಮ್ಮ ಮಂಚದ ಕೆಳಗೆ ಮೇಜಿನ ಪಾದ ತೂರುತ್ತದೆಯೇ ಅಂತ ಮೊಣಕಾಲೂರಿ ಅಳೆದೆ. ಅಪ್ಪ ಮಲಗಿದಲ್ಲಿಂದಲೇ ನೋಡುತ್ತಿದ್ದ. ಟೇಪಿನ ತುದಿ ಹಿಡಿದುಕೊಳ್ಳಲಾ ಅಂತಲೂ ಕೇಳಿದ.

ಅಂಗಡಿಯ ಹೆಂಗಸು ತಾಳ್ಮೆಯವಳು. ಒಂದು ಮೇಜು ತೀರಾ ಹಗುರ, ಹಲಗೆಯ ತುದಿಗೆ ಕೈ ಊರಿದರೆ ಆ ಕಡೆಗೇ ಬಾಗುತ್ತಿತ್ತು. ಇನ್ನೊಂದರ ಚಕ್ರ ಗೋಲಿಯಷ್ಟೇ ಇತ್ತು, ಅಂಗಡಿಯ ಕಾಲೊರಸಿನ ಮೇಲೇ ಸಿಕ್ಕಿಹಾಕಿಕೊಂಡಿತು. ಮೂರನೆಯದಕ್ಕೆ ಭಾರದ ಪಾದ, ಪಕ್ಕದಲ್ಲಿ ಒಂದು ಹಿಡಿ, ಒತ್ತಿದರೆ ಮೆಲ್ಲಗೆ ಮೇಲೇಳುತ್ತದೆ; ಹಲಗೆ ವಾಲಿಸಿದರೂ ಲ್ಯಾಪ್‌ಟಾಪ್ ಜಾರದ ಹಾಗೆ ಅಂಚಿಗೆ ಪಟ್ಟಿ ಇದೆ, ಎರಡು ಚಕ್ರಕ್ಕೆ ಲಾಕು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ, ಮಂಚದ ಪಕ್ಕಕ್ಕಾದರೆ ಇದೇ ಒಳ್ಳೆಯದು ಅಂದಳು. ಇಲ್ಲ, ನನಗೇ ಅಂದೆ. ಇಲ್ಲ ಅಂದುಬಿಟ್ಟೆ, ನೋಡು.

ಜೋಡಿಸಲು ಜಾಗವಿದ್ದದ್ದು ನಡುಮನೆಯಲ್ಲಿ ಮಾತ್ರ. ಅಪ್ಪ ದಿಂಬಿಗೆ ಒರಗಿ ಕೂತು ಸ್ಕ್ರೂಗಳನ್ನೆಲ್ಲ ಅಂಗೈಯಲ್ಲಿ ಹಿಡಿದುಕೊಂಡು, ನಾನು ಕೇಳಿದಾಗೆಲ್ಲ ಒಂದೊಂದೇ ಕೊಟ್ಟ. ಹಿಡಿ ಒತ್ತಿ ಹಲಗೆ ಮೇಲೆದ್ದಾಗ ಅವನ ಮುಖ ನೋಡಬೇಕಿತ್ತು ನೀನು. ತನ್ನ ಅಂಗಡಿಗೆ ಮೊದಲ ಸಲ ಏರಿಳಿಯುವ ಕುರ್ಚಿ ಬಂದಾಗ ಇದೇ ಥರ ಖುಷಿಪಟ್ಟಿದ್ದನಂತೆ. ಆಮೇಲೆ ಚಕ್ರದ ಕಡೆ ನೋಡಿದ. ಏನು ಕೇಳುತ್ತಾನೋ ಅಂತ ನಾನು ಸ್ಪ್ಯಾನರ್ ಒರೆಸುತ್ತಾ ಕೂತೆ. ‘ಗೊತ್ತಾಯ್ತು ಬಿಡು,’ ಅಂದ, ‘ನಾನು ಎದ್ದು ಬರೋಕಾಗಲ್ಲ ಅಂತ ನೀನೇ ಇಲ್ಲಿಗೆ ಬಂದು ಕೂರೋಕೆ ಮಾಡ್ಕೊಂಡೆ. ನಿನ್ನ ಬೆನ್ನು ನೋಡಿ ನೋಡಿ ಸಾಕಾಗಿತ್ತು ಮಗಾ.’ ಹಾಗಂದವನೇ ಎರಡೂ ಕೈ ಊರಿ, ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ಸರಿದು, ಮಂಚದ ಅಂಚಿನಲ್ಲಿ ನನಗೆ ಜಾಗ ಮಾಡಿಕೊಟ್ಟ. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಸಂಜೆ ನಿನಗೆ ಫೋನು ಹಚ್ಚಿಸಿಕೊಂಡ. ವ್ಯಾಯಾಮ ಮಾಡಿಸಲು ಬರುವ ಹುಡುಗಿಗೂ ಹೇಳಿದ. ಅವಳು ನನ್ನ ಕಡೆ ನೋಡಿ, ಎಲ್ಲರ ಮನೆಯಲ್ಲೂ ಹೀಗೆ ಮಾಡುವವರಿರುವುದಿಲ್ಲ ಅಂದಳು.

ಇಷ್ಟಾದ ಮೇಲೂ ಸೋಮವಾರ ಬೆಳಿಗ್ಗೆ ನಾನು ಮೇಜನ್ನು ಕೋಣೆಗೆ ತಳ್ಳಿಕೊಂಡು ಹೋದೆ. ದೊಡ್ಡ ಮೀಟಿಂಗ್ ಇದೆ ಅಂದೆ. ಇರಲಿಲ್ಲ. ‘ಹೋಗು ಹೋಗು, ಕೆಲಸ ಮುಖ್ಯ’ ಅಂದ. ಬಾಗಿಲು ಹಾಕಿಕೊಂಡೆ. ಮಂಗಳವಾರವೂ ಹಾಗೇ ಆಯಿತು. ಎಷ್ಟು ಹಾಯಾಗಿತ್ತು ಅಂದರೆ ಎರಡು ದಿನದಲ್ಲಿ ವಾರದ ಕೆಲಸ ಮುಗಿಸಿದೆ. ಅದನ್ನೂ ಮುಚ್ಚಿಡುವುದಿಲ್ಲ.

ಬುಧವಾರ ಮಧ್ಯಾಹ್ನ ನೀರು ಕುಡಿಯಲು ಹೊರಗೆ ಬಂದೆ. ಅಪ್ಪ ಮಂಚದ ಅಂಚಿಗೆ ಬಂದು, ಒಂದು ಕೈಯಲ್ಲಿ ಗೋಡೆ ಹಿಡಿದು ಕೂತಿದ್ದ. ಹೊದಿಕೆಯನ್ನು ಮುದ್ದೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಹಾಸಿಗೆ ಒದ್ದೆಯಾಗಿತ್ತು, ಬಟ್ಟೆ ಒದ್ದೆಯಾಗಿತ್ತು, ನೆಲದ ಮೇಲೂ ಇಳಿದಿತ್ತು. ಯಾಕಪ್ಪಾ ಕರೀಲಿಲ್ಲ ಅಂದೆ. ನನ್ನ ಮುಖ ನೋಡದೆ, ‘ಬಾಗಿಲು ಹಾಕಿತ್ತು’ ಅಂದ. ಊರಿನವರ ಎದುರಿಗೆ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ನಿಂತವನು, ನಾನು ಅವನ ಬಟ್ಟೆ ಬಿಚ್ಚಿ, ಒರೆಸಿ, ಬೇರೆ ಉಡಿಸುವಷ್ಟು ಹೊತ್ತೂ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. ‘ನಿನ್ನ ಹೆಂಡತಿಗೆ ಹೇಳಬೇಡ’ ಅಂದ. ಇವಳು ಬರುವಷ್ಟರಲ್ಲಿ ಎಲ್ಲ ಒಗೆದು ಹರಡಿದೆ. ಬಾಲ್ಕನಿಯ ತುಂಬ ಬಟ್ಟೆ ನೋಡಿ ಇವಳು ಅಪ್ಪನನ್ನು ಏನೂ ಕೇಳಲಿಲ್ಲ, ನನ್ನನ್ನು ಮಾತ್ರ ನೋಡಿದಳು. ಒಂದು ಮಾತು ಬೈದಿದ್ದರೂ ಚೆನ್ನಾಗಿತ್ತು. ಆ ಸಂಜೆ ಅಪ್ಪ ಬಾಯಿ ಬಿಡಲಿಲ್ಲ. ಅಪ್ಪ ಮಾತಿಲ್ಲದೆ ಇರುವುದನ್ನು ನಾನು ನೋಡಿದ್ದು ಅಮ್ಮ ಹೋದ ದಿನ ಬಿಟ್ಟರೆ ಅದೇ.

ಗುರುವಾರ ಮೇಜನ್ನು ನಡುಮನೆಗೆ ತಳ್ಳಿಕೊಂಡು ಬಂದು ಅವನ ಮಂಚದ ಪಕ್ಕಕ್ಕೆ ಒತ್ತಿದೆ. ಪಾದ ಕೆಳಗೆ ತೂರಲಿಲ್ಲ. ಅವನ ಮಂಚದ ಅಡಿಪಟ್ಟಿ ತಗ್ಗು. ಮನೆಯಲ್ಲಿ ನಾನು ಅಳೆಯದೆ ಬಿಟ್ಟದ್ದು ಅದೊಂದೇ. ‘ಪರವಾಗಿಲ್ಲ, ಪಕ್ಕದಲ್ಲೇ ಇರಲಿ’ ಅಂತ ಅವನೇ ಸಮಾಧಾನ ಹೇಳಿದ. ಈಗ ಅಡ್ಡಡ್ಡ ತಿರುಗಿ, ಮೊಣಕಾಲು ಅವನ ಮಂಚಕ್ಕೆ ತಾಗಿಸಿಕೊಂಡು ಕೂರುತ್ತೇನೆ. ಅವನ ಮುಖ ಕಾಣುತ್ತದೆ. ಆದರೆ ಅವನು ಮಾತಾಡುವುದಿಲ್ಲ, ಅಕ್ಕಾ. ನಾನು ಕೆಲಸ ಮಾಡುತ್ತಿದ್ದರೆ ಕೆಮ್ಮು ಬಂದರೂ ತಡೆದುಕೊಳ್ಳುತ್ತಾನೆ. ನಿನ್ನೆ ನಾನೇ ಹೆಡ್‌ಫೋನ್ ತೆಗೆದಿಟ್ಟು, ಏನಾದರೂ ಹೇಳಪ್ಪಾ ಅಂದೆ. ‘ನಿನ್ನ ಕೆಲಸ ಮುಗೀಲಿ’ ಅಂದ. ಸಿಟ್ಟಿನಿಂದ ಅಲ್ಲ, ನನಗೆ ತೊಂದರೆಯಾಗದಿರಲಿ ಅಂತ. ಯಾವ ಮೌನ ಬೇಕು ಅಂತ ಅಂಗಡಿ ಅಲೆದೆನೋ ಅದೀಗ ಸಿಕ್ಕಿದೆ. ಅದರ ಎದುರಿಗೆ ಕೂತು ಡಬ್ಬಿಗಳ ಲೆಕ್ಕ ತಪ್ಪುತ್ತಿದ್ದೇನೆ.

ಅಪ್ಪ ಈಗ ಮಲಗಿದ್ದಾನೆ. ಇವಳು ತನ್ನ ತಂಗಿಯ ಮನೆಗೆ ಹೋಗಿದ್ದಾಳೆ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಬಾಗಿಲು ತೆರೆದೇ ಇದೆ. ಭಾವನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಮಾವನ ಮುದ್ದು. ನಿನ್ನ ಮಂಡಿಯನ್ನು ಅಲಕ್ಷ್ಯ ಮಾಡಬೇಡ. ಬೈಯುವುದಿದ್ದರೆ ಬರೆದೇ ಬೈ, ಓದಿಕೊಳ್ಳುತ್ತೇನೆ.

ನಿನ್ನ ತಮ್ಮ,
ಗುಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ‘ಅಪ್ಪ ನಿನ್ನ ಮನೆಗೆ ಬರಬೇಕು ಅಂತ ಹಂಬಲಿಸುತ್ತಿದ್ದಾನೆ, ಬೇಗ ಬಂದು ಕರೆದುಕೊಂಡು ಹೋಗು’ ಅಂತ ಹೋದ ತಿಂಗಳು ಹೇಳಿದ್ದೆನಲ್ಲ, ಅದನ್ನು ನಂಬಿ ನೀನು ಮಕ್ಕಳ ಕೋಣೆ ಖಾಲಿ ಮಾಡಿಸುತ್ತಿದ್ದೀಯಲ್ಲ, ಅಪ್ಪ ಹಾಗೆ ಯಾವತ್ತೂ ಅಂದಿಲ್ಲ. ನಾನೇ ಕಟ್ಟಿ ಹೇಳಿದ್ದು. ಫೋನಿನಲ್ಲಿ ಅವನ ಹತ್ತಿರ ಈ ಮಾತು ಎತ್ತಬೇಡ ಅಂದದ್ದೂ ಅದಕ್ಕೇ. ಇಂಥದ್ದೊಂದು ಏರ್ಪಾಟು ನಡೆದಿದೆ ಅಂತ ಅವನಿಗೆ ಗೊತ್ತೇ ಇಲ್ಲ. ಮುಂದಿನ ವಾರ ಖಂಡಿತ ಬಾ, ಆದರೆ ಅವನ ಬಟ್ಟೆ ಕಟ್ಟಲು ಬರಬೇಡ, ಅವನನ್ನು ನೋಡಲು ಬಾ. ಎಲ್ಲಿರಬೇಕು ಅನ್ನುವುದನ್ನು ಅವನನ್ನೇ ಕೇಳೋಣ. ನಿನ್ನ ಜೊತೆ ಬರುತ್ತೇನೆ ಅಂದರೂ ನನಗೆ ಆಡಲು ಮಾತಿಲ್ಲ. ಇನ್ನೂ ಬರೆಯುವುದಿತ್ತು, ನಿಲ್ಲಿಸುತ್ತೇನೆ. ಅಪ್ಪ ಎದ್ದ, ನನ್ನನ್ನು ಕರೆಯುತ್ತಿದ್ದಾನೆ.