ಹದಿನೇಳನೆಯ ಕಂತಿನ ಜಿಗಿತ

ಹುಬ್ಬಳ್ಳಿ,
ಫೆಬ್ರವರಿ ಮೂವತ್ತು, ೨೧೮೭

ಬಯಲಿನಲ್ಲಿ ಓಡಾಡುತ್ತಿರುವ ಹಿರಿಯರಿಗೆ,

ಮೊದಲು ತಾರೀಖಿನ ಬಗ್ಗೆ ಕ್ಷಮೆ ಕೇಳುತ್ತೇನೆ. ನಿಮ್ಮ ಫೆಬ್ರವರಿಗೆ ಮೂವತ್ತು ಇಲ್ಲವೆಂದು ನನಗೆ ಗೊತ್ತು. ಹೊರಗೆ ಕಾಲಿಡಬಹುದಾದ ತಿಂಗಳು ಸ್ವಲ್ಪ ಉದ್ದವಿರಲಿ ಎಂದು ನಮ್ಮ ಅಜ್ಜಂದಿರ ಕಾಲದಲ್ಲಿ ಮೇ ತಿಂಗಳಿನಿಂದ ಎರಡು ದಿನ ತೆಗೆದು ಇದಕ್ಕೆ ಸೇರಿಸಿದರು. ಬಿಸಿಲು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನೀವು ಅನಿಮೆ ಎನ್ನುವುದನ್ನು ನಾವು ಓಡುಚಿತ್ರ ಎನ್ನುತ್ತೇವೆ. ನಿಮ್ಮ ಸೀಸನ್‌ಗೆ ನಮ್ಮ ಮಾತು ಬೆಳೆ; ವರ್ಷಕ್ಕೊಂದು ಬರುವುದರಿಂದ ಆ ಹೆಸರು. ನಾನು ಹೇಳಬೇಕಾಗಿರುವುದು ಒಂದು ಓಡುಚಿತ್ರದ ಮೂರನೆಯ ಬೆಳೆ ಕೆಟ್ಟುಹೋದ ಸಂಗತಿ. ಇಷ್ಟಕ್ಕೇ ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಕಾಗದ ಬರೆಯಬೇಕೆ ಎಂದು ಅನ್ನಿಸಿದರೂ ದಯವಿಟ್ಟು ಪೂರ್ತಿ ಓದಿ.

ನನ್ನ ಹೆಸರು ಹೇಮಾಕ್ಷಿ ಅಂಗಡಿ. ವಯಸ್ಸು ಐವತ್ತೊಂದು. ಒಂದು ಚಿತ್ರಶಾಲೆಯಲ್ಲಿ ಮುಖ್ಯ ಗೆರೆಗಾರ್ತಿಯಾಗಿದ್ದೆ, ಅಂದರೆ ಪಾತ್ರಗಳ ಮೈ ಹೇಗೆ ಅಲುಗಬೇಕೆಂದು ಬರೆದು, ಉಳಿದವರು ಬರೆದದ್ದನ್ನು ನೋಡಿ ಸಹಿ ಹಾಕುವವಳು. ಹೊರಗಿನ ಬಿಸಿಲು ತಾಳಲಾಗದೆ ನಮ್ಮ ಜನ ಹಗಲೆಲ್ಲ ತಂಪುಮನೆಗಳಲ್ಲಿ ಇರುತ್ತಾರೆ. ಓಣಿಗೊಂದರಂತೆ ಅರ್ಧ ನೆಲದೊಳಗೆ ಕಟ್ಟಿದ ಉದ್ದನೆಯ ಹಾಲ್‌ಗಳು ಅವು. ಒಂದು ತುದಿಯಲ್ಲಿ ಶಾಲೆ, ಇನ್ನೊಂದು ತುದಿಯಲ್ಲಿ ಮುದುಕರ ಮಂಚಗಳು, ಪಕ್ಕದಲ್ಲಿ ನೀರಿನ ಸರದಿ, ಒಲೆಗಳು, ಹೊಲಿಗೆ ಯಂತ್ರಗಳು, ಕೂಸುಗಳ ಅಳು. ಮಧ್ಯೆ ಒಂದಿಷ್ಟು ಖಾಲಿ ಜಾಗ. ಸಂಜೆ ನಾಲ್ಕಕ್ಕೆ ದೊಡ್ಡ ಗೋಡೆಯ ಮೇಲೆ ಓಡುಚಿತ್ರ ಬಂದರೆ ಅಷ್ಟೂ ಜನ ಮಾತು ನಿಲ್ಲಿಸಿ ಅತ್ತ ತಿರುಗುತ್ತಾರೆ.

ನಮ್ಮ ಓಡುಚಿತ್ರದ ಹೆಸರು ‘ಒಂಬತ್ತನೆಯವಳು’. ಖೋಖೋ ಆಟದ ಕಥೆ. ಎಂಟು ಹುಡುಗಿಯರು ಸಾಲಾಗಿ ಕೂತಿರುತ್ತಾರೆ, ಒಂಬತ್ತನೆಯವಳು ಎದುರಾಳಿಯ ಬೆನ್ನಟ್ಟುತ್ತಾಳೆ. ಆಟ ನಿಮಗೆ ಗೊತ್ತೇ ಇದೆ. ನಮಗೆ ಗೊತ್ತಿರಲಿಲ್ಲ. ನೆಲದ ಮೇಲೆ ಅದನ್ನು ಆಡಿದವರಲ್ಲಿ ಬದುಕಿ ಉಳಿದಿದ್ದವರು ಧಾರವಾಡದ ನೀಲಗಂಗವ್ವ ಒಬ್ಬರೇ. ಎಂಬತ್ತರ ಹತ್ತಿರದ ಮುದುಕಿ. ಮುಚ್ಚಿದ ಬಸ್ಸಿನಲ್ಲಿ ದಿನವೂ ಬಂದು, ಚಿತ್ರಶಾಲೆಯಲ್ಲಿ ಗಾದಿ ಹಾಸಿಸಿ, ಎದುರಾಳಿಯನ್ನು ಮುಟ್ಟಲು ಜಿಗಿದು ಬೀಳುವುದು ಹೇಗೆಂದು ನಮ್ಮ ಕಣ್ಣೆದುರು ಬಿದ್ದು ತೋರಿಸುತ್ತಿದ್ದರು. ಎಲುಬು ಮುರಿದೀತೆಂದು ನಾವು ಹೆದರಿದರೆ ನಗುತ್ತಿದ್ದರು.

“ನೋಡ್ರವಾ, ಮೊದಲ ಅಂಗೈ, ಆಮ್ಯಾಲ ಎದಿ. ಗದ್ದ ಮ್ಯಾಲ. ತಲಿ ಮಾತ್ರ ನೆಲಾ ಮುಟ್ಟಬಾರದು.”

ಒಂದು ಜಿಗಿತಕ್ಕೆ ಇಪ್ಪತ್ತೆರಡು ಚಿತ್ರ ಬರೆದೆವು. ಕಥೆಯ ನಾಯಕಿ ಚಿಗರಿ ಮೊದಲ ಬೆಳೆಯಲ್ಲಿ ಹಾಗೆ ಜಿಗಿದಾಗ ತಂಪುಮನೆಗಳ ಮಕ್ಕಳು ಎದ್ದು ಕುಣಿದರಂತೆ. ಎರಡನೆಯ ಬೆಳೆ ಮುಗಿಯುವ ಹೊತ್ತಿಗೆ ಅವರು ಮಂಚಗಳನ್ನು ಸರಿಸಿ, ನೀರಿನ ಕೊಳವೆಗಳನ್ನೇ ಕಂಬ ಮಾಡಿಕೊಂಡು, ಹರಕು ಗಾದಿಗಳ ಮೇಲೆ ಆಡತೊಡಗಿದ್ದರು. ಮುದುಕರು ಬೈದರು, ಆಮೇಲೆ ಅವರೇ ಅಂಕ ಎಣಿಸಲು ಕೂತರು. ಆ ಮಕ್ಕಳಿಗೆ ಗೋಡೆಯ ಮೇಲಿನ ಚಿಗರಿಯನ್ನು ಬಿಟ್ಟರೆ ಕಲಿಸುವವರು ಯಾರೂ ಇರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಹೆಮ್ಮೆಯಿಂದ ಹೇಳಿಕೊಳ್ಳುತ್ತಲೂ ಇದ್ದೆವು.

ಮೂರನೆಯ ಬೆಳೆಯನ್ನು ಅರ್ಧ ಸಮಯದಲ್ಲಿ ಮುಗಿಸಬೇಕೆಂದು ಆಜ್ಞೆ ಬಂತು. ಅದಕ್ಕಾಗಿ ಗೆರೆತುಂಬಿ ಎಂಬ ಯಂತ್ರ ತಂದರು. ಮೊದಲ ಚಿತ್ರ, ಕೊನೆಯ ಚಿತ್ರ ಕೊಟ್ಟರೆ ನಡುವಿನದನ್ನು ಅದು ತಾನೇ ಊಹಿಸಿ ಬರೆಯುತ್ತದೆ. ನೀಲಗಂಗವ್ವ ಅದು ಬರೆದದ್ದರಲ್ಲಿ ಹತ್ತಕ್ಕೆ ಒಂಬತ್ತನ್ನು ಹಿಂದಕ್ಕೆ ಕಳಿಸಿದರು. ಮೂರು ವಾರದೊಳಗೆ ಚಿತ್ರಶಾಲೆಯ ಮೇಲ್ವಿಚಾರಕ ಅಭಿನಂದನ ಕಿತ್ತೂರ ಅಜ್ಜಿಗೆ ಶಾಲು ಹೊದಿಸಿ, ಇನ್ನು ಬರುವುದು ಬೇಡ ಎಂದ. ಬಾಗಿಲವರೆಗೆ ನಾನೇ ಕೈಹಿಡಿದು ಕರೆದುಕೊಂಡು ಹೋದೆ.

“ನನಗೇನ ಸಿಟ್ಟಿಲ್ಲ ಹೇಮಾ. ಹುಡುಗ್ಯಾರು ಬೀಳೂದನ್ನ ಮಾತ್ರ ನೀ ನೋಡ್ಕೋ,” ಎಂದರು.

“ನೋಡ್ಕೋತೀನ್ರೀ ಅಜ್ಜಿ,” ಎಂದೆ.

ಹದಿನೇಳನೆಯ ಕಂತಿನಲ್ಲಿ ಚಿಗರಿ ಕಂಬದ ಬಳಿ ಜಿಗಿಯುತ್ತಾಳೆ. ಆ ಜಿಗಿತಕ್ಕೆ ಇದ್ದದ್ದು ಆರೇ ಚಿತ್ರ. ನಡುವೆ ಗೆರೆತುಂಬಿ ಅವಳ ಎರಡೂ ಕೈಗಳನ್ನು ಹಿಂದಕ್ಕೆ ಒಯ್ದು, ತಲೆಯನ್ನು ಮುಂದೆ ಮಾಡಿ ಇಳಿಸಿತ್ತು. ನನಗೆ ತಕ್ಷಣ ಕಂಡಿತು. ಹಾಳೆಗಳನ್ನು ಕಿತ್ತೂರನ ಮುಂದಿಟ್ಟೆ.

“ಕೈ ಹಿಂದ ಅದಾವ್ರೀ. ತಲಿ ಮೊದಲ ನೆಲಕ್ಕ ಹೊಂಟೈತಿ.”

ಅವನು ಬಹಳ ಹೊತ್ತು ನೋಡಿದ. ಕೆಟ್ಟ ಮನುಷ್ಯನಲ್ಲ, ಅವನಿಗೂ ಕಣ್ಣಿತ್ತು. “ಛಂದ ಐತಲ್ಲ? ಹಕ್ಕಿ ಇಳಿದಂಗ ಐತಿ. ಇದು ಬರೇ ಚಿತ್ರ, ಹೇಮಾಕ್ಷಿ. ಇದನ್ನ ನೋಡಿ ಯಾರ ಜಿಗೀತಾರ?”

ಯಾರು ಜಿಗಿಯುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಆ ದೃಶ್ಯವನ್ನು ಕೈಯಲ್ಲಿ ಮತ್ತೆ ಬರೆಯಲು ಒಂಬತ್ತು ದಿನ ಬೇಕಿತ್ತು. ಯಾರೂ ನನ್ನನ್ನು ಹೆದರಿಸಲಿಲ್ಲ, ಕೆಲಸದಿಂದ ತೆಗೆಯುತ್ತೇವೆ ಎನ್ನಲಿಲ್ಲ. ನನಗೆ ಸಾಕಾಗಿತ್ತು, ಅಷ್ಟೇ. ಮೇಜಿನ ಮೇಲೆ ಇನ್ನೂ ಮೂರು ಕಂತುಗಳು ಕಾಯುತ್ತಿದ್ದವು. ಸಹಿ ಹಾಕಿದೆ.

ಬೆಳೆ ಹೊರಬಂದಾಗ ಜನಕ್ಕೆ ಬೇಸರವಾಯಿತು. ಓಡುವವರ ನೆರಳು ಸೂರ್ಯನ ಕಡೆಗೇ ಬೀಳುತ್ತಿತ್ತು. ಇಡೀ ಪಂದ್ಯದ ಹೊತ್ತು ಅಲುಗದ ಮುಖವೊಂದನ್ನು ತೋರಿಸಿ ಪಕ್ಕದಲ್ಲಿ ಗಾಳಿಯ ಗೆರೆ ಎಳೆದಿದ್ದರು. ಕೂತಿರಬೇಕಾದ ಎಂಟು ಹುಡುಗಿಯರು ಒಮ್ಮೆ ಏಳು, ಒಮ್ಮೆ ಹತ್ತು ಆಗುತ್ತಿದ್ದರು. ಎರಡು ವರ್ಷ ಚಿಗರಿಯ ಜೊತೆ ಅತ್ತು ನಕ್ಕವರು ಈಗ ಅವಳನ್ನು ನೋಡಿ ಗೇಲಿ ಮಾಡಿದರು. ಹದಿನೇಳನೆಯ ಕಂತಿನ ಜಿಗಿತ ಮಾತ್ರ ಚೆನ್ನಾಗಿದೆ ಎಂದರು. ಇಡೀ ಬೆಳೆಯಲ್ಲಿ ಹೊಗಳಿಸಿಕೊಂಡದ್ದು ಅದೊಂದೇ.

ಅದು ಬಂದ ಹನ್ನೊಂದನೆಯ ದಿನ ಗದಗಿನ ಒಂದು ತಂಪುಮನೆಯಲ್ಲಿ ಕಸ್ತೂರಿ ಹೂಗಾರ ಎಂಬ ಹದಿಮೂರು ವರ್ಷದ ಹುಡುಗಿ ಹಾಗೆಯೇ ಜಿಗಿದಳು. ಕುತ್ತಿಗೆ ಮುರಿಯಿತು.

ಒಂದು ತಿಂಗಳ ಮೇಲೆ ನಾನು ಆಸ್ಪತ್ರೆಗೆ ಹೋದೆ. ನಾನು ಯಾರೆಂದು ಅವಳ ತಾಯಿ ದಾಕ್ಷಾಯಣಿಗೆ ಬಾಗಿಲಲ್ಲೇ ಹೇಳಿದೆ. ಹೊಡೆಯಲಿ ಎಂದು ಕಾದೆ. ಆಕೆ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿಕೊಟ್ಟಳು.

“ಆ ಕಂತು ಎಷ್ಟು ಸಲ ನೋಡ್ಯಾಳ ಗೊತ್ತೇನ್ರೀ? ಕೈ ಎಲ್ಲಿ ಇಡಬೇಕಂತ ನಿಲ್ಲಿಸಿ ನಿಲ್ಲಿಸಿ ನೋಡತಿದ್ಲು,” ಎಂದಳು.

ಕಸ್ತೂರಿಗೆ ಕುತ್ತಿಗೆಯಿಂದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಕಣ್ಣು ಹೊರಳಿಸಿ ನನ್ನನ್ನು ಹುಡುಕಿದಳು. “ನಾ ಎಲ್ಲಿ ತಪ್ಪಿದೆ ಅಕ್ಕಾ?”

“ನೀ ತಪ್ಪಿಲ್ಲವ್ವ. ಚಿತ್ರದಾಗ ಇದ್ದಂಗ ಜಿಗಿದಿ. ಚಿತ್ರನ ತಪ್ಪಿತ್ತು. ನನಗ ಗೊತ್ತಿತ್ತು.”

ಅವಳು ಕಣ್ಣು ಮುಚ್ಚಿದಳು. ಹೋಗು ಎಂದು ಹೇಳುತ್ತಿದ್ದಾಳೆಂದುಕೊಂಡು ನಾನು ಎದ್ದೆ. ಆಗ ತಾಯಿಯನ್ನು ಕೇಳಿದಳು, “ಯವ್ವಾ, ಅವತ್ತ ನಾ ಬೆನ್ನಟ್ಟಿದಾಕಿನ್ನ ಮುಟ್ಟಿದ್ನೇನ?”

“ಮುಟ್ಟಿದ್ದಿ,” ಎಂದಳು ದಾಕ್ಷಾಯಣಿ. ಮುಟ್ಟಿರಲಿಲ್ಲವೆಂದು ಆಮೇಲೆ ಹೊರಗೆ ನನಗೆ ಹೇಳಿದಳು. ಆ ವರ್ಷದ ಮಳೆಗಾಲದಲ್ಲಿ ಕಸ್ತೂರಿ ಉಸಿರಾಟದ ತೊಂದರೆಯಿಂದ ತೀರಿಕೊಂಡಳು.

ವಿಚಾರಣೆ ನಡೆಯಿತು. ಮಕ್ಕಳು ಚಿತ್ರಗಳನ್ನು ಅನುಕರಿಸಬಾರದು ಎಂದು ತೀರ್ಪು ಬಂತು. ಹದಿನೇಳನೆಯ ಕಂತನ್ನು ತೆಗೆದರು, ಎಲ್ಲ ತಂಪುಮನೆಗಳಲ್ಲಿ ಖೋಖೋ ನಿಷೇಧಿಸಿದರು. ಮಂಚಗಳು ಮೊದಲಿನ ಜಾಗಕ್ಕೆ ಬಂದವು. ನಾನು ಕೆಲಸ ಬಿಟ್ಟು ಧಾರವಾಡಕ್ಕೆ ಹೋದೆ. ನೀಲಗಂಗವ್ವ ಬಾಗಿಲು ಅರ್ಧ ತೆರೆದು ನನ್ನ ಮುಖ ನೋಡಿದರು. “ನೋಡ್ಕೋತೀನಿ ಅಂದಿದ್ದಿ,” ಎಂದು ಬಾಗಿಲು ಹಾಕಿಕೊಂಡರು. ಅವರೂ ಈಗ ಇಲ್ಲ.

ಇಂದು ಹಿಂದಂಚೆಯ ದಿನ. ಕಳೆದುಹೋದ ಕಾಲಕ್ಕೆ ಬರೆದ ಕಾಗದಗಳನ್ನು ಒಂದು ಕಚೇರಿಯಲ್ಲಿ ತೆಗೆದುಕೊಳ್ಳುತ್ತಾರೆ. ತಲುಪಿದ್ದಕ್ಕೆ ಇದುವರೆಗೆ ಸಾಕ್ಷಿಯಿಲ್ಲ, ಆದರೂ ಸರದಿ ಬೀದಿಯ ತುದಿಯವರೆಗೆ ಇರುತ್ತದೆ. ನನ್ನದು ಚಿಕ್ಕ ಕೋರಿಕೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಒಬ್ಬ ಅತ್ತೆ, ಒಬ್ಬ ಚಿಕ್ಕಮ್ಮ, ನಿವೃತ್ತರಾದ ಒಬ್ಬ ಪಿ.ಟಿ. ಟೀಚರ್ ಇದ್ದಾರು, ಶಾಲೆಯಲ್ಲಿ ಖೋಖೋ ಆಡಿದವರು. ಅವರನ್ನು ಬಯಲಿಗೆ ಕರೆದುಕೊಂಡು ಹೋಗಿ. ಹೇಗೆ ಬೀಳುತ್ತಿದ್ದಿರಿ ಎಂದು ಕೇಳಿ, ಪಕ್ಕದಿಂದ ನಿಧಾನವಾಗಿ ಚಿತ್ರೀಕರಿಸಿ, ಸುಲಭಕ್ಕೆ ಅಳಿಯದಂಥ ಕಡೆ ಇಡಿ. ಅವರು ನಾಚಿಕೊಂಡು ನಕ್ಕರೂ ಬಿಡಬೇಡಿ.

ನಾನು ದಿನವೂ ಕೋಣೆಯಲ್ಲಿ ಗಾದಿ ಹಾಸಿ ಬೀಳುವುದನ್ನು ಕಲಿಯುತ್ತಿದ್ದೇನೆ. ನಾಲ್ಕು ಹುಡುಗಿಯರು ಕದ್ದು ಬಂದು ಗೋಡೆಗೊರಗಿ ಕೂತು ನೋಡುತ್ತಾರೆ. ಗೆರೆಯಲ್ಲಿ ನನಗೆ ಎಲ್ಲ ಗೊತ್ತು; ಮೈಗೆ ಬರುತ್ತಿಲ್ಲ, ಪ್ರತಿ ಸಲವೂ ಅಂಗೈ ತಡವಾಗುತ್ತದೆ. ಎದ್ದು ನಿಂತಾಗ ಅವರು ನನ್ನ ಮುಖವನ್ನೇ ನೋಡುತ್ತಾರೆ. ನಾನು ಅವರನ್ನು ಇನ್ನೂ ಜಿಗಿಯಲು ಬಿಟ್ಟಿಲ್ಲ.

ಇಂತಿ,
ಹೇಮಾಕ್ಷಿ